ಹುರಿಯ ಆಸನದ ಮರದ ಕುರ್ಚಿ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಟಿಪ್ಪು ಸುಲ್ತಾನನಿಗೆ ಸೇರಿದ್ದವೆಂದು ಹೇಳಲಾಗುವ ದಂತದ ಕುರ್ಚಿಗಳಿವೆ. 1951ರಲ್ಲಿ ಈ ಸಂಗ್ರಹಾಲಯವು ಸಾರ್ವಜನಿಕರಿಗೆ ತೆರೆದಂದಿನಿಂದ ಅವುಗಳನ್ನು ನೋಡಿ ಬೆರಗಾಗದವರು ವಿರಳ. ಆದರೆ ಅವುಗಳ ಮೇಲೆ ಯಾರೂ ಕುಳಿತುಕೊಳ್ಳುವಂತಿಲ್ಲ. ಈ ಲೇಖನದ ವಿಷಯವಾದ ಕುರ್ಚಿ ನಿತ್ಯವೂ ಭಾರ ಹೊರುವಂಥದು. ನಾಲ್ಕು ಕಾಲು, ಕೆಲವು ಅಡ್ಡಪಟ್ಟಿ, ಒಂದು ಉಂಡೆ ಹುರಿ: ಇವಿಷ್ಟರಿಂದ, ಒಂದು ಮೊಳೆಯನ್ನೂ ಬಳಸದೆ, ಅದನ್ನು ಕೈಯಿಂದಲೇ ನಿರ್ಮಿಸಬಹುದು.

ದಖನ್ನಿನ ಜನರಿಗೆ ಈ ವಿದ್ಯೆ ಹೊಸದಲ್ಲ. ತೆಲುಗರ ನುಲಕ ಮಂಚ, ಉರ್ದು ಭಾಷಿಕರ ಚಾರ್‌ಪಾಯಿ, 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ಬೀದರ್, ಕಲಬುರಗಿ, ರಾಯಚೂರುಗಳ ಹೊರಸು, ಇವೆಲ್ಲವೂ ಒಂದೇ ತತ್ವದ ಮೇಲೆ ನಿಂತಿವೆ. ಹದಿನಾಲ್ಕನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ, ಒಬ್ಬನೇ ಹೊತ್ತೊಯ್ಯಬಹುದಾದಷ್ಟು ಹಗುರವಾದ ಇಲ್ಲಿಯ ಹೆಣೆದ ಮಂಚಗಳನ್ನು ತನ್ನ ಪ್ರವಾಸ ಕಥನದಲ್ಲಿ ವರ್ಣಿಸಿದ್ದಾನೆ.

ಆದರೂ ಮಂಚಕ್ಕೂ ಕುರ್ಚಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಮಂಚದ ಕಾಲ್ದೆಸೆಯಲ್ಲಿ ಬಿಗಿಯುವ ಹಗ್ಗವಿರುತ್ತದೆ. ಹೆಣಿಗೆ ಸಡಿಲಾದರೆ ಅದನ್ನು ಎಳೆದು ಕಟ್ಟಿದರಾಯಿತು. ಕುರ್ಚಿಗೆ ಈ ಅನುಕೂಲವಿಲ್ಲ. ಹೆಣೆಯುವಾಗ ಎಷ್ಟು ಬಿಗಿ ಕೊಟ್ಟಿರುತ್ತೇವೆಯೋ ಅಷ್ಟೇ ಅದರ ಆಯುಷ್ಯ. ಆ ಬಿಗಿಯು ನಾಲ್ಕೂ ಅಡ್ಡಪಟ್ಟಿಗಳನ್ನು ಸದಾ ಒಳಕ್ಕೆ ಎಳೆಯುತ್ತಿರುವುದರಿಂದ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ. ಕುರ್ಚಿ ಅಲುಗಾಡತೊಡಗಿದಾಗ ಹುರಿಯನ್ನು ದೂಷಿಸುವುದು ವಾಡಿಕೆ. ವಾಸ್ತವವಾಗಿ ದೋಷವಿರುವುದು ಅನೇಕ ವೇಳೆ ಒಣಗದ ಮರದಲ್ಲಿ.

ಮರವು ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಅಡ್ಡಕ್ಕೆ ಕುಗ್ಗುವುದೇ ಹೆಚ್ಚು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೈದರಾಬಾದಿನ ತಾಪಮಾನ ಹಲವು ದಿನ 40 ಡಿಗ್ರಿಯನ್ನು ದಾಟುತ್ತದೆ. ಒಣಹವೆಯಲ್ಲಿ ಅಡ್ಡಪಟ್ಟಿಯ ತುದಿ ಸೊರಗಿ ತೂತಿನಲ್ಲಿ ಸಡಿಲಗೊಳ್ಳುತ್ತದೆ. ಮಳೆಗಾಲ ಬಂದೊಡನೆ ಮತ್ತೆ ಉಬ್ಬುತ್ತದೆ. ಆದುದರಿಂದ ಅಡ್ಡಪಟ್ಟಿಗಳಿಗೆ ಚೆನ್ನಾಗಿ ಒಣಗಿದ ಮರವನ್ನೇ ಆರಿಸಬೇಕು. ಕಾಲುಗಳ ಮರದಲ್ಲಿ ಮಾತ್ರ ಕೊಂಚ ತೇವಾಂಶ ಉಳಿದಿದ್ದರೆ ಒಳ್ಳೆಯದು. ಜೋಡಿಸಿದ ಮೇಲೆ ಕಾಲು ಒಣಗುತ್ತಾ ಕುಗ್ಗಿ, ಒಳಗಿನ ಒಣ ತುದಿಯನ್ನು ಹಿಡಿದುಕೊಳ್ಳುತ್ತದೆ. ಅಂಟು ಮಾಡದ ಕೆಲಸವನ್ನು ಇಲ್ಲಿ ಮರವೇ ಮಾಡುತ್ತದೆ. ತೆಲಂಗಾಣದ ಉತ್ತರ ಭಾಗದ ಆದಿಲಾಬಾದ್ ಕಾಡುಗಳ ತೇಗ ಇದಕ್ಕೆ ಉತ್ತಮ. ಬೆಲೆ ಹೆಚ್ಚೆನಿಸಿದವರು ಬೇವನ್ನು ಬಳಸಬಹುದು.

ಆಸನವು ನೆಲದಿಂದ ಸುಮಾರು 45 ಸೆಂ.ಮೀ. ಎತ್ತರವಿರಲಿ. ಮಂಡಿನೋವಿನಿಂದಾಗಿ ನೆಲದ ಮೇಲೆ ಕುಳಿತೇಳಲಾರದ ವೃದ್ಧರಿಗೆ ಈ ಅಳತೆಯೇ ಮುಖ್ಯ. ಆಸನ ಜೋತುಬಿದ್ದರೆ ಅವರು ಏಳಲು ಇನ್ನೊಬ್ಬರ ಕೈಯನ್ನು ಆಶ್ರಯಿಸಬೇಕಾಗುತ್ತದೆ. ಮುಂದಿನ ಪಟ್ಟಿ ಹಿಂದಿನದಕ್ಕಿಂತ ಏಳೆಂಟು ಸೆಂ.ಮೀ. ಉದ್ದವಿರಬೇಕು. ಗರಗಸ, ಬಾಚಿ, ಉಳಿ, ಬೈರಿಗೆ, ಕೊಡತಿ ಇಷ್ಟು ಸಾಧನಗಳು ಸಾಕು. ಪಟ್ಟಿಗಳ ಅಂಚನ್ನು ಕೀಸಿ ದುಂಡಗೆ ಮಾಡುವುದನ್ನು ಮರೆಯಲಾಗದು, ಏಕೆಂದರೆ ಚೂಪಾದ ಅಂಚು ಹುರಿಯನ್ನು ಕೊಯ್ಯುತ್ತದೆ. ಮೊದಲು ಮುಂದಿನ ಎರಡು ಕಾಲುಗಳನ್ನೂ ಹಿಂದಿನ ಎರಡು ಕಾಲುಗಳನ್ನೂ ಪ್ರತ್ಯೇಕವಾಗಿ ಜೋಡಿಸಿ, ಆನಂತರ ಪಕ್ಕದ ಪಟ್ಟಿಗಳಿಗೆ ತೂತು ಕೊರೆಯಬೇಕು. ಆ ತೂತು ಒಳಗಿರುವ ಮುಂದಿನ ಪಟ್ಟಿಯ ತುದಿಯನ್ನು ತುಸು ಕಚ್ಚುವಂತಿದ್ದರೆ, ಎರಡು ತುದಿಗಳೂ ಒಂದನ್ನೊಂದು ಬಂಧಿಸುತ್ತವೆ.

ಇನ್ನು ಹುರಿ. ಪುಂಡಿ ನಾರು, ಸೆಣಬು, ಹತ್ತಿ ಇವುಗಳಲ್ಲಿ ಯಾವುದಾದರೂ ಆದೀತು. ನಾರಿನ ಹುರಿ ನೆನೆದರೆ ಉಬ್ಬಿ ಗಿಡ್ಡವಾಗುತ್ತದೆ, ಒಣಗಿದರೆ ಸಡಿಲಾಗುತ್ತದೆ. ಹಾಗಾಗಿ ಬೆತ್ತವನ್ನು ನೆನೆಸಿ ಹೆಣೆಯುವ ಕ್ರಮ ಇದಕ್ಕೆ ಸಲ್ಲದು. ಹುರಿಯನ್ನು ಎರಡು ಕಂಬಗಳ ನಡುವೆ ಒಂದು ದಿನ ಎಳೆದು ಕಟ್ಟಿ, ಒಣಗಿರುವಾಗಲೇ ಹೆಣೆಯಬೇಕು. ಎಷ್ಟು ಬೇಕು ಎಂಬ ಅಂದಾಜಿಗೆ ಒಂದು ನಿದರ್ಶನ: ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ಪ್ರಸಿದ್ಧ ಕುರ್ಚಿಯೊಂದರ ಆಸನಕ್ಕೆ ಸುಮಾರು 120 ಮೀಟರ್ ಕಾಗದದ ಹುರಿ ತಗಲುತ್ತದೆ.

ಹೆಣಿಗೆಯ ಕ್ರಮ ನೋಡಲು ಜಟಿಲ, ಮಾಡಲು ಸರಳ. ಪ್ರತಿ ಮೂಲೆಯಲ್ಲಿಯೂ ಹುರಿಯನ್ನು ಒಂದು ಪಟ್ಟಿಯ ಮೇಲಿನಿಂದ ಇಳಿಸಿ, ಕೆಳಗಿನಿಂದ ನಡುವಿನ ತೆರವಿಗೆ ಎತ್ತಿ, ಪಕ್ಕದ ಪಟ್ಟಿಯ ಮೇಲೆ ಹಾಯಿಸಿ, ಅದರಡಿಯಿಂದ ನೇರವಾಗಿ ಮುಂದಿನ ಮೂಲೆಗೆ ಕೊಂಡೊಯ್ಯಬೇಕು. ಮುಂಭಾಗ ಅಗಲವಾಗಿರುವುದರಿಂದ, ಮುಂದಿನ ಎರಡು ಮೂಲೆಗಳನ್ನು ಮೊದಲು ತುಂಡು ಹುರಿಗಳಿಂದ ತುಂಬಿ, ಉಳಿದ ತೆರವನ್ನು ಹಿಂದಿನ ಪಟ್ಟಿಯ ಅಳತೆಗೆ ತಂದುಕೊಳ್ಳುವುದು ಅವಶ್ಯ. ಸುತ್ತುಗಳು ಬೆಳೆದಂತೆ ನಾಲ್ಕು ತ್ರಿಕೋನಗಳು ಮೂಡಿ ನಡುವಿನತ್ತ ಸರಿಯುತ್ತವೆ. ನಾಲ್ಕೈದು ಸುತ್ತಿಗೊಮ್ಮೆ ಮರದ ತುಂಡಿನಿಂದ ತಟ್ಟಿ ಎಳೆಗಳನ್ನು ಒತ್ತಾಗಿಸಬೇಕು. ಗಂಟುಗಳು ಕೆಳಬದಿಯಲ್ಲಿರಲಿ. ಮೇಲಿನ ಮತ್ತು ಕೆಳಗಿನ ಪದರಗಳ ನಡುವೆ ಒಣಹುಲ್ಲನ್ನೋ ರಟ್ಟನ್ನೋ ತುರುಕಿದರೆ ಆಸನ ಬೇಗ ಕುಸಿಯುವುದಿಲ್ಲ. ಬಿಗಿಯನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಅರಿಯುತ್ತದೆ. ನಮ್ಮ ದೇಶದಲ್ಲಿ ದೃಷ್ಟಿಹೀನರು ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸವನ್ನು ದೀರ್ಘಕಾಲದಿಂದ ನಿಪುಣತೆಯಿಂದ ಮಾಡುತ್ತ ಬಂದಿದ್ದಾರೆ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರವು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳ ಕಸುಬೂ ಸೇರಿದೆ. ತರಬೇತಿ, ಸಾಧನಗಳಿಗಾಗಿ 15,000 ರೂಪಾಯಿಯವರೆಗಿನ ನೆರವು ಮತ್ತು ಶೇಕಡಾ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿ ಅಡಕವಾಗಿವೆ.

ಬಳಕೆಯಲ್ಲಿ ಹುರಿ ಮೊದಲು ಸವೆಯುವುದು ಮುಂದಿನ ಪಟ್ಟಿಯ ಅಂಚಿನಲ್ಲಿ, ತೊಡೆ ಉಜ್ಜುವ ಕಡೆ. ಅಲ್ಲಿ ಎಳೆಗಳು ಬಿಚ್ಚಿಕೊಳ್ಳತೊಡಗಿದರೆ ಆಸನವನ್ನು ಪೂರ್ಣವಾಗಿ ಕತ್ತರಿಸಿ ತೆಗೆದು, ಹೊಸದಾಗಿ ಹೆಣೆಯುವುದೇ ಸರಿ. ಹಾಗೆ ಹುರಿ ಕಳಚಿದ ದಿನ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸಿ ನೋಡಬೇಕು. ಯಾವುದಾದರೂ ಕೀಲು ಸಡಿಲವಿದ್ದರೆ ಅದನ್ನು ಸರಿಪಡಿಸಲು ಅದೇ ತಕ್ಕ ಸಮಯ.