ಮಾವಿಗೆ ಬ್ಲಾಕ್‌ಚೈನ್: ಹಣ್ಣಿನ ಜಾತಕ ಸಿಗುತ್ತೆ, ಬೆಲೆ ಸಿಗುತ್ತಾ?

2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವು ತನ್ನ ಜಿಲ್ಲೆಯೊಳಗೆ ಬರದಂತೆ ತಡೆಯಿತು. ಶ್ರೀನಿವಾಸಪುರ ತಾಲ್ಲೂಕಿಗೆ ಇದು ದೊಡ್ಡ ಪೆಟ್ಟು. ಯಾಕಂದ್ರೆ ರಾಯಲ್ಪಾಡಿನಂಥ ಗಡಿ ಹೋಬಳಿಗಳ ತೋತಾಪುರಿಗೆ ದೊಡ್ಡ ಗಿರಾಕಿಗಳೇ ಅಲ್ಲಿನ ಪಲ್ಪ್ ಕಾರ್ಖಾನೆಗಳು. ಕ್ವಿಂಟಾಲ್ ಮಾವು ಬೆಳೆಯೋಕೆ 5,466 ರೂಪಾಯಿ ಖರ್ಚು, ಮಾರುಕಟ್ಟೆ ದರ 3,000ಕ್ಕೆ ಕುಸಿದಿದೆ ಅಂತ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು. ಕೊನೆಗೆ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸ ಪಾವತಿಸಲು ಕೇಂದ್ರ ಒಪ್ಪಿತು.

ಇಂಥ ಬಿಕ್ಕಟ್ಟು ಬಂದಾಗಲೆಲ್ಲ ಒಂದು ಸಲಹೆ ಕೇಳಿಬರುತ್ತೆ: ಮಧ್ಯವರ್ತಿಗಳನ್ನು ತೆಗೆಯಿರಿ, ಬ್ಲಾಕ್‌ಚೈನ್ ತನ್ನಿ, ಎಐ ತನ್ನಿ. ಇವು ನಿಜಕ್ಕೂ ಏನು ಮಾಡ್ತವೆ?

ಬ್ಲಾಕ್‌ಚೈನ್ ಅಂದ್ರೆ ಒಂದು ಲೆಕ್ಕದ ಪುಸ್ತಕ. ಮಂಡಿಯವನ ಗಲ್ಲಾಪೆಟ್ಟಿಗೆಯಲ್ಲಿ ಒಂದೇ ಪ್ರತಿ ಇರೋ ಪುಸ್ತಕವಲ್ಲ. ರೈತ, ಮಂಡಿ, ಲಾರಿ, ಕಾರ್ಖಾನೆ ಎಲ್ಲರ ಬಳಿಯೂ ಅದೇ ಪ್ರತಿ. ಒಮ್ಮೆ ಬರೆದದ್ದನ್ನು ಒಬ್ಬರೇ ಗುಟ್ಟಾಗಿ ತಿದ್ದೋಕಾಗಲ್ಲ. ಅಮೆರಿಕದ ವಾಲ್‌ಮಾರ್ಟ್ ಇದನ್ನು ಪರೀಕ್ಷಿಸಿದ್ದು ಮಾವಿನ ಮೇಲೆಯೇ. ಹೆಚ್ಚಿದ ಮಾವಿನ ಒಂದು ಪೊಟ್ಟಣದ ಮೂಲ ಹುಡುಕೋಕೆ ಮೊದಲು ಸುಮಾರು ಏಳು ದಿನ ಹಿಡಿದಿತ್ತು. ಐಬಿಎಂ ಜೊತೆ ಮಾಡಿದ ಪ್ರಯೋಗದಲ್ಲಿ ಅದು 2.2 ಸೆಕೆಂಡಿಗೆ ಇಳಿಯಿತು.

ಸಾಧನೆಯೇ ಸರಿ. ಆದರೆ ಅಲ್ಲಿ ಪರಿಹಾರವಾದದ್ದು ಅಂಗಡಿಯವನ ಸಮಸ್ಯೆ. ಹಣ್ಣು ಎಲ್ಲಿಂದ ಬಂತು ಅನ್ನೋದು ಅವನ ಪ್ರಶ್ನೆ. ಎಷ್ಟಕ್ಕೆ ಹೋಯ್ತು ಅನ್ನೋದು ರೈತನ ಪ್ರಶ್ನೆ.

ಎರಡನೇ ತೊಡಕು, ಮೊದಲ ಸಾಲು ಬರೆಯೋದು ಯಾರು? ತೂಕದಲ್ಲಿ ಮೋಸವಾಗಿದ್ರೆ ಬ್ಲಾಕ್‌ಚೈನ್ ಆ ಮೋಸವನ್ನೇ ಶಾಶ್ವತವಾಗಿ ಕಾಪಾಡುತ್ತೆ. ಹೂ ಬಿಡೋ ಹೊತ್ತಿಗೇ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಡೋ ರೂಢಿ ನಮ್ಮಲ್ಲಿದೆ. ಆಗ ದಾಖಲೆಯಲ್ಲಿ ಯಾರ ಹೆಸರು? ಸರ್ಕಾರದ 'ಫ್ರೂಟ್ಸ್' ಐಡಿ ಜಮೀನಿನ ದಾಖಲೆಗೆ ಅಂಟಿಕೊಂಡಿದೆ. ಬಾಯಿಮಾತಿನ ಗುತ್ತಿಗೆಯಲ್ಲಿ ದುಡಿಯುವವರು ಅಲ್ಲಿ ಕಾಣಲ್ಲ. ಬ್ಲಾಕ್‌ಚೈನ್ ಹಾಕಿದ ಮಾತ್ರಕ್ಕೆ ಕಾಣೋದೂ ಇಲ್ಲ.

ಇನ್ನು ಮಷಿನ್ ಲರ್ನಿಂಗ್. ಹಳೆಯ ದರ, ಮಳೆ, ಉಪಗ್ರಹ ಚಿತ್ರ ನೋಡಿ ಮುಂದಿನ ಫಸಲು, ಬೆಲೆ ಅಂದಾಜಿಸೋದು ಅದರ ಕೆಲಸ. ಆದರೆ ಅದು ಕಲಿಯೋದು ನಿನ್ನೆಯಿಂದ. ಜಿಲ್ಲಾಧಿಕಾರಿಯೊಬ್ಬರು ನಾಳೆ ಗಡಿ ಮುಚ್ತಾರೆ ಅನ್ನೋದನ್ನು ಹಳೆಯ ದರಪಟ್ಟಿ ಹೇಳಲ್ಲ. ಇನ್ನೊಂದು ಮಾತು: ಈ ಸಲ ಬಂಪರ್ ಫಸಲು ಅನ್ನೋ ಮುನ್ಸೂಚನೆ ಕಾರ್ಖಾನೆಗೆ ಮಾತ್ರ ಸಿಕ್ಕರೆ, ಅದು ರೈತನ ವಿರುದ್ಧದ ಅಸ್ತ್ರವಾಗುತ್ತೆ.

ಕರ್ನಾಟಕಕ್ಕೆ ಇದು ಹೊಸದಲ್ಲ. 2019ರಲ್ಲಿ ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರುಮಾಡಿತ್ತು. ಯಾವ ಎಸ್ಟೇಟಿನ ಬೀಜ ಅಂತ ಕೇಳಿ ಹೆಚ್ಚು ಕೊಡೋ ಗಿರಾಕಿ ಕಾಫಿಗಿದ್ದಾನೆ. ಹತ್ತಾರು ತೋಟಗಳ ಹಣ್ಣು ಒಂದೇ ಹಂಡೆಗೆ ಬೀಳೋ ಪಲ್ಪ್‌ಗೆ ಅಂಥವನು ಸಿಗೋದು ಕಷ್ಟ. ಜಾಗತಿಕ ಹಡಗು ಸಾಗಣೆಗಾಗಿ ಮಾರ್ಸ್ಕ್ ಮತ್ತು ಐಬಿಎಂ ಕಟ್ಟಿದ್ದ 'ಟ್ರೇಡ್‌ಲೆನ್ಸ್' ಮುಚ್ಚುವ ಘೋಷಣೆ 2022ರಲ್ಲೇ ಬಂತು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಅನ್ನೋದೇ ಅವರು ಕೊಟ್ಟ ಕಾರಣ.

ಹಾಗಂತ ತಂತ್ರಜ್ಞಾನ ಬೇಡ ಅಂತಲ್ಲ. ಕೇಳೋದನ್ನು ಸರಿಯಾಗಿ ಕೇಳೋಣ. ಪುಸ್ತಕದಲ್ಲಿ ಹಣ್ಣಿನ ಊರಷ್ಟೇ ಅಲ್ಲ, ಪ್ರತಿ ಕೈ ಬದಲಾದಾಗಿನ ದರ, ತೂಕ, ಕಮಿಷನ್ ಕೂಡ ಇರಲಿ. ಕಾರ್ಖಾನೆ ದಿನಕ್ಕೆ ಎಷ್ಟು ಟನ್, ಯಾವ ದರಕ್ಕೆ ಕೊಂಡಿತು ಅನ್ನೋದು ಎಲ್ಲರಿಗೂ ಕಾಣಲಿ. ಫಸಲಿನ ಮುನ್ಸೂಚನೆ ಕನ್ನಡದಲ್ಲಿ, ತೆಲುಗಿನಲ್ಲಿ ರೈತರ ಮೊಬೈಲಿಗೂ ಬರಲಿ. ಗುತ್ತಿಗೆದಾರರಿಗೂ ಐಡಿ ಸಿಗಲಿ. ಇವಕ್ಕೆಲ್ಲ ಬೇಕಿರೋದು ಕೋಡ್‌ಗಿಂತ ಮೊದಲು ಕಾನೂನು. ಅದನ್ನು ಬರೆಯೋದು ವಿಧಾನಸಭೆ, ಸಾಫ್ಟ್‌ವೇರ್ ಕಂಪನಿಯಲ್ಲ.