ಅಲಾಯ್ ವೀಲ್ ಹಾಕಿಸುತ್ತೀರಾ? ಅಂದಕ್ಕಿಂತ ಮೊದಲು ತೂಕ, ಗಟ್ಟಿತನ ನೋಡಿ

ಹೈದರಾಬಾದ್: ಕಾರು ಕೊಂಡ ಮೇಲೆ ಹಲವರು ಮೊದಲು ಬದಲಿಸುವುದೇ ಚಕ್ರಗಳನ್ನು. ಹೈದರಾಬಾದ್‌ನ ಪುತ್ಲಿಬೌಲಿ, ಸಿಕಂದರಾಬಾದ್‌ನ ರಾಣಿಗಂಜ್ ವಾಹನ ಬಿಡಿಭಾಗಗಳ ಅಂಗಡಿಗಳಿಗೆ ಹೆಸರುವಾಸಿ. ಆದರೆ ಇಲ್ಲಿನ ಚಕ್ರ ಎರಡು ಪರೀಕ್ಷೆ ಎದುರಿಸಬೇಕು. ಒಂದು, ಗಂಟೆಗೆ 120 ಕಿ.ಮೀ. ವೇಗಮಿತಿಯ 158 ಕಿ.ಮೀ. ಉದ್ದದ ಹೊರ ವರ್ತುಲ ರಸ್ತೆ. ಇನ್ನೊಂದು, ಮಳೆಗಾಲದಲ್ಲಿ ನೀರು ತುಂಬಿದ ರಸ್ತೆಗುಂಡಿ.

ಅಲಾಯ್ ಎಂದರೆ ಹಗುರವೇ?

ಯಾವಾಗಲೂ ಅಲ್ಲ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದರಷ್ಟು ಮಾತ್ರ ಭಾರ. ಆದರೆ ಉಕ್ಕಿನಷ್ಟು ಗಟ್ಟಿಯಲ್ಲದ ಕಾರಣ ಅದನ್ನು ದಪ್ಪವಾಗಿ ಎರಕ ಹೊಯ್ಯಬೇಕಾಗುತ್ತದೆ. ಹೀಗಾಗಿ ಅಗ್ಗದ 17 ಇಂಚಿನ ಅಲಾಯ್, ಕಾರಿನ ಜೊತೆ ಬಂದ 15 ಇಂಚಿನ ಉಕ್ಕಿನ ಚಕ್ರಕ್ಕಿಂತ ಭಾರವಾಗಿರಬಹುದು. ಚಕ್ರ ಭಾರವಾದರೆ ಸಸ್ಪೆನ್ಷನ್‌ಗೆ ಕೆಲಸ ಹೆಚ್ಚು, ಪಿಕಪ್ ಕಡಿಮೆ. ಟೈರ್ ಇಲ್ಲದೆ ಹಳೆಯ, ಹೊಸ ಚಕ್ರಗಳನ್ನು ತೂಗಿಸಿ ನೋಡಿ.

ಮೂರು ಬಗೆ, ಮೂರು ಬೆಲೆ

ಎರಕದ ಚಕ್ರ ಅಗ್ಗ. ಅಂಚಿನ ಭಾಗವನ್ನು ಬಿಸಿ ಮಾಡಿ ಒತ್ತಿ ತೆಳುವಾಗಿಸುವ ಫ್ಲೋ ಫಾರ್ಮ್ಡ್ ಚಕ್ರ ಬೆಲೆ, ತೂಕ ಎರಡರಲ್ಲೂ ಮಧ್ಯಮ. ಘನ ಅಲ್ಯೂಮಿನಿಯಂ ಗಟ್ಟಿಯನ್ನು ಭಾರೀ ಒತ್ತಡದಲ್ಲಿ ರೂಪಿಸುವ ಫೋರ್ಜ್ಡ್ ಚಕ್ರ ಹಗುರ ಮತ್ತು ಗಟ್ಟಿ, ಆದರೆ ಎರಕದ್ದಕ್ಕಿಂತ ಹಲವು ಪಟ್ಟು ದುಬಾರಿ.

ಗುಂಡಿಗೆ ಬಿದ್ದರೆ?

ಉಕ್ಕಿನ ಚಕ್ರ ಸಾಮಾನ್ಯವಾಗಿ ಬಾಗುತ್ತದೆ, ಬಡಿದು ಸರಿಪಡಿಸಬಹುದು. ಎರಕದ ಅಲಾಯ್ ಬಿರುಕು ಬಿಡಬಹುದು. ಬಿರುಕಿಗೆ ವೆಲ್ಡಿಂಗ್ ಮಾಡಿಸಿ ಹೆದ್ದಾರಿಗೆ ಇಳಿಯುವುದು ಅಪಾಯ.

ಇಂಚು ಹೆಚ್ಚಿದಷ್ಟೂ ಈ ಅಪಾಯ ಜಾಸ್ತಿ. 185/65 ಆರ್15 ಟೈರ್‌ನ ಪಕ್ಕದ ಎತ್ತರ ಸುಮಾರು 120 ಮಿ.ಮೀ. ಅದರ ಬದಲು 195/55 ಆರ್16 ಹಾಕಿಸಿದರೆ 107 ಮಿ.ಮೀ., 205/45 ಆರ್17 ಆದರೆ 92 ಮಿ.ಮೀ. ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಇದ್ದರೂ, ಹೊಡೆತ ತಾಳುವ ರಬ್ಬರ್ 28 ಮಿ.ಮೀ. ಕಡಿಮೆಯಾಯಿತು. ಹೊಸ ಟೈರ್‌ಗಳ ಖರ್ಚು ಬೇರೆ.

ಕೊಳ್ಳುವ ಮುನ್ನ

* ಬೋಲ್ಟ್ ರಂಧ್ರಗಳ ಅಳತೆ, ಅಂದರೆ ಪಿಸಿಡಿ, ಹೊಂದಬೇಕು. ಹಲವು ಸಣ್ಣ ಕಾರುಗಳದ್ದು 4x100, ಹ್ಯುಂಡೈ ಕ್ರೆಟಾದ್ದು 5x114.3. ಆಫ್‌ಸೆಟ್, ನಡುವಿನ ರಂಧ್ರವನ್ನೂ ಪರಿಶೀಲಿಸಿ.
* ಚಕ್ರದ ಮೇಲಿನ ಭಾರ ಸಾಮರ್ಥ್ಯ, ಕಾರಿನ ಒಂದು ಆಕ್ಸಲ್ ಹೊರುವ ಗರಿಷ್ಠ ಭಾರದ ಅರ್ಧಕ್ಕಿಂತ ಕಡಿಮೆ ಇರಬಾರದು.
* ಗುಣಮಟ್ಟದ ಗುರುತು ಇಲ್ಲದ, ಬ್ರ್ಯಾಂಡ್ ನಕಲು ಮಾಡಿದ ಚಕ್ರ ಬೇಡ. ಬಿಲ್ ಪಡೆಯಿರಿ, ವಿಮಾ ಕಂಪನಿಗೂ ತಿಳಿಸಿ.

ದಿನವೂ ನಗರದ ಗುಂಡಿಗಳಲ್ಲೇ ಓಡಾಡುವವರಿಗೆ ಕಂಪನಿ ಕೊಟ್ಟ ಅಳತೆಯೇ ಕ್ಷೇಮ, ಹೆಚ್ಚೆಂದರೆ ಒಂದು ಇಂಚು ದೊಡ್ಡದು ಸಾಕು. ಬಜೆಟ್ ಸೀಮಿತವಾಗಿದ್ದರೆ ಅಗ್ಗದ 17 ಇಂಚಿನ ಚಕ್ರಕ್ಕಿಂತ, ಅದೇ ಹಣಕ್ಕೆ ಸಿಗುವ ಉತ್ತಮ ದರ್ಜೆಯ 15 ಇಂಚಿನದ್ದೇ ಲಾಭದ ಆಯ್ಕೆ.