ಹಿಟ್ಟು ಉಳಿಯಿತು, ಕಾಳು ಸೊಪ್ಪು ಎಲ್ಲಿ ಹೋಯಿತು?

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯಲ್ಲಿ ಊಟದ ವಿಚಾರ ಎತ್ತಿದರೆ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ಹಿರಿಯರದು ಒಂದು: "ನಾವು ಹಿಟ್ಟು ಉಣ್ಣೋರು, ನಮ್ಮೂಟಕ್ಕಿಂತ ಒಳ್ಳೇದು ಇನ್ಯಾವುದಿದೆ?" ಬೆಂಗಳೂರಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಬರುವ ಮಕ್ಕಳದು ಇನ್ನೊಂದು: ಹಾಲು ಬಿಡಬೇಕು, ಅನ್ನ ಬಿಡಬೇಕು, ವೀಗನ್ ಆದರೆ, ಅಂದರೆ ಪ್ರಾಣಿಮೂಲದ್ದು ಏನನ್ನೂ ಮುಟ್ಟದಿದ್ದರೆ, ಕಾಯಿಲೆಯೇ ಹತ್ತಿರ ಸುಳಿಯುವುದಿಲ್ಲ. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಇಬ್ಬರೂ ತಟ್ಟೆಯಲ್ಲಿ ಈಗ ನಿಜವಾಗಿ ಏನು ಬೀಳುತ್ತಿದೆ ಎಂದು ನೋಡದೆ ಮಾತಾಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಅಂದಾಜಿನಂತೆ ದೇಶದ ಒಟ್ಟು ರೋಗದ ಹೊರೆಯಲ್ಲಿ ಶೇ. 56.4ರಷ್ಟು ಸರಿಯಿಲ್ಲದ ಊಟದಿಂದ ಬರುತ್ತಿದೆ. ಅದರಲ್ಲಿ ಹಿಟ್ಟು, ಅಂದರೆ ರಾಗಿ ಮುದ್ದೆ, ಉಣ್ಣುವ ಊರುಗಳಿಗೆ ವಿನಾಯಿತಿ ಇಲ್ಲ.

"ಮುದ್ದೆ ಉಂಡರೆ ಶುಗರ್ ಬರಲ್ಲ"

ಇದು ಎಲ್ಲಕ್ಕಿಂತ ಆಳಕ್ಕೆ ಇಳಿದ ನಂಬಿಕೆ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನವೇ ಮನೆಯವರು ಅನ್ನ ನಿಲ್ಲಿಸಿ ಎರಡು ಹೊತ್ತೂ ಮುದ್ದೆ ಬಡಿಸುತ್ತಾರೆ. ಒಂದಕ್ಕೆ ಎರಡು ಹಾಕಿದರೂ ತೊಂದರೆಯಿಲ್ಲ ಎಂಬ ಧೈರ್ಯ.

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ಹೇಳುವಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 78 ಗ್ರಾಂ. ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ರಾಗಿಯ ನಿಜವಾದ ಹೆಚ್ಚುಗಾರಿಕೆ ನಾರಿನಲ್ಲಿದೆ: ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಸಿಪ್ಪೆ ಸಮೇತ ಬೀಸುವುದರಿಂದ ಆ ನಾರು ನಮಗೆ ಸಿಗುತ್ತದೆ. ಆದರೆ ಮಿಲ್ಲಿನಲ್ಲಿ ನುಣ್ಣಗೆ ಬೀಸಿ, ಜರಡಿ ಹಿಡಿದು ಹೊಟ್ಟು ತೆಗೆದು, ಅದಕ್ಕೆ ಅಕ್ಕಿ ನುಚ್ಚು ಬೆರೆಸಿ ಮುದ್ದೆ ಕಟ್ಟಿದರೆ ಆ ಲಾಭದಲ್ಲಿ ಒಂದು ಪಾಲು ಅಲ್ಲೇ ಹೋಯಿತು. ನುಣ್ಣಗಾದಷ್ಟೂ, ಬೆಂದು ತೆಳುವಾದಷ್ಟೂ ಪಿಷ್ಟ ಬೇಗ ಕರಗಿ ರಕ್ತಕ್ಕೆ ಸೇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬೆಳಿಗ್ಗೆ ಬರೀ ರಾಗಿ ಗಂಜಿ ಕೊಡುವ ಮನೆಗಳು ಇದನ್ನು ಗಮನಿಸಬೇಕು.

ಹಿಟ್ಟು ಉಂಡವನು ಬೆಟ್ಟ ಕೀಳುತ್ತಾನೆ ಎಂಬ ಮಾತು ಹುಟ್ಟಿದ ಕಾಲದಲ್ಲಿ ಜನ ದಿನವಿಡೀ ಹೊಲದಲ್ಲಿ ಬಗ್ಗಿ ಏಳುತ್ತಿದ್ದರು. ಅದೇ ಗಾತ್ರದ ಮುದ್ದೆ ಉಂಡು ಗಾರ್ಮೆಂಟ್ ಬಸ್ಸಿನಲ್ಲಿ, ಅಂಗಡಿಯ ಕುರ್ಚಿಯಲ್ಲಿ, ಆಟೋದಲ್ಲಿ ಕೂರುವ ದೇಹದ ಲೆಕ್ಕ ಬೇರೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದಲ್ಲಿ ದೇಶದ ಹಳ್ಳಿಗಳಲ್ಲೂ ವಯಸ್ಕರಲ್ಲಿ ಶೇ. 8.9 ಮಂದಿಗೆ ಸಕ್ಕರೆ ಕಾಯಿಲೆ ಕಂಡುಬಂದಿತು. ಮುದ್ದೆ ಬಿಡಬೇಕಿಲ್ಲ. ಗಾತ್ರ ಇಳಿಸಿ, ಪಕ್ಕದಲ್ಲಿ ಕಾಳಿನ ಪಲ್ಯ, ಸೊಪ್ಪು ಹೆಚ್ಚಿಸಿದರೆ ರಾಗಿ ತನ್ನ ಕೆಲಸ ಮಾಡುತ್ತದೆ.

"ಸಾರಲ್ಲೇ ಕಾಳಿದೆಯಲ್ಲ, ಪ್ರೋಟೀನ್ ಸಾಕು"

ಹುರುಳಿಕಾಳಿನಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅವರೆ, ಅಲಸಂದೆ, ತೊಗರಿ ಎಲ್ಲವೂ ಅದರ ಆಸುಪಾಸು. ಹಾಗಾಗಿ ಈ ಮಾತು ತಪ್ಪು ಎನ್ನಲು ಕಷ್ಟ. ಆದರೆ ಬಸ್ಸಾರು ಮಾಡುವಾಗ ಏನಾಗುತ್ತದೆ ನೋಡಿ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತೇವೆ. ಕಟ್ಟಿನಿಂದ ಸಾರು, ಬಸಿದ ಕಾಳು ಸೊಪ್ಪಿನಿಂದ ಪಲ್ಯ. ಪ್ರೋಟೀನಿನ ಬಹುಪಾಲು ಉಳಿಯುವುದು ಪಲ್ಯದಲ್ಲಿ. ಉಪ್ಸಾರಿನದೂ ಅದೇ ಕತೆ. ಮನೆಯ ಗಂಡಸರು, ಮಕ್ಕಳು ಉಂಡು ಎದ್ದ ಮೇಲೆ ಕೊನೆಗೆ ಕೂರುವ ಹೆಂಗಸಿನ ತಟ್ಟೆಗೆ ಎಷ್ಟೋ ಸಲ ಮುದ್ದೆ, ತಿಳಿಸಾರು, ಖಾರ ಇಷ್ಟೇ ಬರುತ್ತದೆ. ಅಡುಗೆ ಒಂದೇ, ಆದರೆ ಅವಳು ಉಂಡದ್ದು ಬೇರೆ ಊಟ.

ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ಅರವತ್ತು ಕಿಲೋ ತೂಗುವವರಿಗೆ ಸುಮಾರು ಐವತ್ತು ಗ್ರಾಂ. 2024ರ ಮಾರ್ಗಸೂಚಿಯ ಸಸ್ಯಾಹಾರಿ ತಟ್ಟೆಯಲ್ಲಿ ದಿನಕ್ಕೆ 85 ಗ್ರಾಂ ಬೇಳೆಕಾಳು ಇದೆ, ಅಂದರೆ ಒಣಕಾಳಿನ ತೂಕದಲ್ಲಿ ಎರಡು ದೊಡ್ಡ ಹಿಡಿ. ನಾಲ್ಕು ಜನರ ಮನೆಗೆ ದಿನಕ್ಕೆ ಮುನ್ನೂರು ಗ್ರಾಂಗಿಂತ ಮೇಲೆ. ಒಂದು ಹಿಡಿ ಬೇಳೆ ಹಾಕಿ ಪಾತ್ರೆ ತುಂಬ ಸಾರು ಕುದಿಸುವ ಮನೆ ಇದರ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಪೇಟೆಯ ಜಿಮ್‌ಗಳಲ್ಲಿ ಮಾರುವ ಡಬ್ಬಿಯ ಪುಡಿ ತಂದು ಕಲಸಿ ಕುಡಿಯಬೇಕಿಲ್ಲ; ಅದೇ ಮಾರ್ಗಸೂಚಿ ಅದು ಬೇಡ ಎನ್ನುತ್ತದೆ.

ಸಸ್ಯಾಹಾರದ ಪ್ರೋಟೀನ್ ಅರ್ಧಂಬರ್ಧ ಎಂಬ ಮಾತೂ ಉಂಟು. ರಾಗಿಯಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಮೆಥಿಯೋನಿನ್ ಚೆನ್ನಾಗಿದೆ. ಕಾಳುಗಳಲ್ಲಿ ಇದು ತಿರುವು ಮುರುವು. ಹಿಟ್ಟು ಮತ್ತು ಹುರುಳಿ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದೂ ಇಲ್ಲ. ಅಮೆರಿಕದ ಲೇಖಕಿ ಫ್ರಾನ್ಸಿಸ್ ಮೂರ್ ಲಾಪ್ಪೆ 1971ರಲ್ಲಿ ಹಾಗೆ ಜೋಡಿಸಿ ತಿನ್ನಬೇಕೆಂದು ಬರೆದು, ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ತಾವೇ ಅದನ್ನು ತಿದ್ದಿಕೊಂಡರು. ದಿನವೊಂದರಲ್ಲಿ ಎರಡೂ ಹೊಟ್ಟೆಗೆ ಬಿದ್ದರೆ ಸಾಕು.

"ರಾಗಿಯಲ್ಲಿ ಕಬ್ಬಿಣ ಇದೆ, ರಕ್ತ ಕಡಿಮೆ ಆಗಲ್ಲ"

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ರಾಗಿಯಲ್ಲಿ ಕಬ್ಬಿಣ ಇರುವುದು ನಿಜ, ನೂರು ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂ. ಆದರೆ ರಾಗಿಯ ಸಿಪ್ಪೆಯಲ್ಲಿರುವ ಫೈಟೇಟ್ ಮತ್ತು ಒಗರು ಅಂಶಗಳು ಅದನ್ನು ದೇಹ ಹೀರದಂತೆ ತಡೆಯುತ್ತವೆ. ಊಟ ಆದ ಕೂಡಲೇ ಕುಡಿಯುವ ಟೀ ಆ ತಡೆಯನ್ನು ಇನ್ನೂ ಬಿಗಿ ಮಾಡುತ್ತದೆ. ಮೊಳಕೆ ಕಟ್ಟಿದ ರಾಗಿ, ಹುಳಿ ಬಂದ ಅಂಬಲಿ, ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆಹಣ್ಣು ಇವು ತಡೆಯನ್ನು ಸಡಿಲಿಸುತ್ತವೆ. ಟೀ ಒಂದು ಗಂಟೆ ತಡವಾಗಿ ಕುಡಿಯುವುದೇ ಖರ್ಚಿಲ್ಲದ ಔಷಧಿ. ಗರ್ಭಿಣಿಯರು ಮಾತ್ರ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ರಾಗಿ ನೆಚ್ಚಿಕೊಂಡು ಬಿಡಬಾರದು.

"ವೀಗನ್ ಅಂದರೆ ಪೇಟೆಯ ದುಡ್ಡಿನವರ ಶೋಕಿ"

ಬಾದಾಮಿ ಹಾಲು, ಸೋಯಾ ಪನೀರು, ವಿದೇಶದ ಬೀಜಗಳು ಎಂದರೆ ಹೌದು, ದುಬಾರಿ. ಆದರೆ ಹಿಟ್ಟು, ಬೆರಕೆ ಸೊಪ್ಪಿನ ಮಸ್ಸೊಪ್ಪು, ಹುರುಳಿ ಬಸ್ಸಾರು, ಹುಚ್ಚೆಳ್ಳಿನ ಚಟ್ನಿಪುಡಿ ಇಟ್ಟ ತಟ್ಟೆಯಲ್ಲಿ ಪ್ರಾಣಿಯಿಂದ ಬಂದದ್ದು ಏನೂ ಇಲ್ಲ. ಎಲ್ಲವೂ ಇಡಿಯಾಗಿ ಬೆಳೆದದ್ದು, ಕಾರ್ಖಾನೆ ಮುಟ್ಟದ್ದು. ಜಗತ್ತು ಈಗ ಹುಡುಕುತ್ತಿರುವ ಊಟ ಇದೇ. ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳಾದರೂ ಹಳ್ಳಿಯ ಮನೆಗಳಲ್ಲಿ ಕೋಳಿ, ಕುರಿ ಬೇಯುವುದು ಹಬ್ಬಕ್ಕೆ, ನೆಂಟರಿಗೆ, ಭಾನುವಾರಕ್ಕೆ. ಉಳಿದ ದಿನಗಳಲ್ಲಿ ಹಾಲು ಮಜ್ಜಿಗೆ ಒಂದನ್ನು ಬಿಟ್ಟರೆ ಈ ಕಡೆಯ ಊಟ ವೀಗನ್ನೇ.

ಅದೇ ಕಾರಣಕ್ಕೆ ಇನ್ನೊಂದು ಕಡೆಯ ತಪ್ಪನ್ನೂ ಹೇಳಲೇಬೇಕು. "ಗಿಡದಿಂದಲೇ ಎಲ್ಲ ಸಿಗುತ್ತದೆ" ಎಂಬುದು ಸುಳ್ಳು. ಬಿ12 ಜೀವಸತ್ವ ಸಿಗುವುದಿಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ನಮಗೆ ಬರುವುದು ಹಾಲು, ಮೊಟ್ಟೆ, ಮೀನು, ಮಾಂಸದ ಮೂಲಕ. ಸೊಪ್ಪಿಗೆ ಅಂಟಿದ ಮಣ್ಣಿನಲ್ಲಿದೆ, ಸ್ಪಿರುಲಿನಾದಲ್ಲಿದೆ ಎಂಬ ಮಾತುಗಳನ್ನು ನಂಬಿ ಕೂರುವಂತಿಲ್ಲ. ದೇಹ ಇದನ್ನು ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಕೂಡಿಟ್ಟುಕೊಂಡಿರುತ್ತದೆ. ಆದ್ದರಿಂದಲೇ "ಹಾಲು ಬಿಟ್ಟು ಎರಡು ವರ್ಷ ಆಯ್ತು, ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುವುದು ಪುರಾವೆಯಲ್ಲ. ದಾಸ್ತಾನು ಮುಗಿದ ಮೇಲೆ ಕಾಲು ಜೋಮು, ಸುಸ್ತು, ಮರೆವು ಶುರುವಾಗುತ್ತದೆ. ನರಕ್ಕೆ ಆದ ಹಾನಿ ಎಲ್ಲ ಸಲವೂ ಪೂರ್ತಿ ವಾಪಸಾಗುವುದಿಲ್ಲ. ತಾಯಿಯಲ್ಲಿ ಬಿ12 ತೀರಾ ಕಡಿಮೆಯಿದ್ದರೆ ಎದೆಹಾಲು ಕುಡಿಯುವ ಮಗುವಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಹಾಲು ಮೊಟ್ಟೆ ಎರಡನ್ನೂ ಬಿಟ್ಟವರು ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಪ್ಯಾಕೆಟ್ಟಿನ ಮೇಲಿನ ಹಸಿರು 'ವಿ' ಗುರುತಿನ ಬಗ್ಗೆಯೂ ಒಂದು ಮಾತು. 2022ರ ಆಹಾರ ಸುರಕ್ಷತಾ ನಿಯಮದಂತೆ ಅದರ ಅರ್ಥ ಇದರಲ್ಲಿ ಪ್ರಾಣಿಮೂಲದ್ದು ಏನೂ ಇಲ್ಲ ಎಂದಷ್ಟೇ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಮೂರೂ ಸೇರಿದ ತಿಂಡಿಯೂ ವೀಗನ್ ಆಗಬಹುದು.

"ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸುತ್ತಾರೆ"

ಈ ನಂಬಿಕೆ ನನಗೆ ಎಲ್ಲಕ್ಕಿಂತ ನೋವು ಕೊಡುತ್ತದೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ನೂರಕ್ಕೊಂದರಂತೆ ಸ್ವಲ್ಪ ಬೇರೆ ಬಣ್ಣದ ಕಾಳು ಬೆರೆತು ಬಂದಿವೆ. ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ಹೆಂಗಸರು ಮೊರದಲ್ಲಿ ಹಾಕಿ ಅವನ್ನೇ ಆರಿಸಿ ಕೋಳಿಗೆ ಎಸೆಯುತ್ತಾರೆ. ಅವು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರ ಕೊಟ್ಟದ್ದು. ಸಾರವರ್ಧಿತ ಅಕ್ಕಿ ಎನ್ನುವುದು ಇದನ್ನೇ. ನಿಯಮದಂತೆ ಇಂಥ ಅಕ್ಕಿಯ ಒಂದು ಕಿಲೋದಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ, 0.75ರಿಂದ 1.25 ಮೈಕ್ರೋಗ್ರಾಂ ಬಿ12 ಇರಬೇಕು. ದಿನಕ್ಕೆ ಇನ್ನೂರು ಗ್ರಾಂ ಅಕ್ಕಿ ಉಣ್ಣುವವರಿಗೆ ಬಿ12ರ ಅಗತ್ಯದ ಹತ್ತನೇ ಒಂದು ಪಾಲು ಮಾತ್ರ ಸಿಗುತ್ತದೆ, ಹಾಗಾಗಿ ವೀಗನ್ ಆದವರಿಗೆ ಇದು ಮಾತ್ರೆಗೆ ಬದಲಿಯಲ್ಲ. ಆದರೆ ರಕ್ತ ಕಡಿಮೆಯಿರುವ ಹೆಂಗಸು ತನ್ನ ಕೈಯಾರೆ ಆ ಕಾಳನ್ನು ಆರಿಸಿ ಎಸೆಯುವಂತೆ ಮಾಡಿದ ವಾಟ್ಸಾಪ್ ಸುದ್ದಿಗೆ ಏನು ಹೇಳುವುದು? ಅಂಗಡಿಯವರು ಒಂದು ಬೋರ್ಡು ಬರೆದು ಹಾಕಿದ್ದರೆ ಸಾಕಿತ್ತು, ಎಷ್ಟೋ ಮನೆಗಳಲ್ಲಿ ಇದು ನಿಲ್ಲುತ್ತಿತ್ತು.

"ಹಾಲಿಲ್ಲದೆ ಮೂಳೆ ಗಟ್ಟಿಯಾಗಲ್ಲ", "ಹಾಲೇ ವಿಷ"

ಎರಡೂ ಅತಿ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಸುವಿನ ಹಾಲಿನಲ್ಲಿ ಸುಮಾರು 120. ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು, ಎಳ್ಳಿನಲ್ಲಿ ಸಾವಿರ ದಾಟುತ್ತದೆ. ಆದರೆ ಹಾಲಿನ ಕ್ಯಾಲ್ಸಿಯಂ ದೇಹಕ್ಕೆ ಸುಲಭವಾಗಿ ಹತ್ತುತ್ತದೆ, ರಾಗಿಯದು ಅಷ್ಟು ಸುಲಭವಾಗಿ ಅಲ್ಲ. ಬೇಕಾದ್ದು ದಿನಕ್ಕೆ ಸಾವಿರ ಮಿಲಿಗ್ರಾಂ; ರಾಗಿ, ಸೊಪ್ಪು, ಎಳ್ಳು ಸೇರಿಸಿ ಹಾಲಿಲ್ಲದೆಯೂ ಅಲ್ಲಿಗೆ ತಲುಪಬಹುದು, ಗಮನ ಕೊಟ್ಟು ಉಂಡರೆ. ಹಸುವಿನ ಮೇಲಿನ ಕರುಣೆಯಿಂದ ಹಾಲು ಬಿಟ್ಟವರ ನಿಲುವು ಗೌರವಕ್ಕೆ ಅರ್ಹ. ಆದರೆ ಕನಕಪುರದ ಮನೆಗಳ ಬದುಕು ಡೈರಿಗೆ ಹಾಕುವ ಹಾಲು, ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನ ಮೇಲೆ ನಿಂತಿದೆ. ಅಂಥ ಮನೆಯ ಮಗುವಿನ ಎದುರು ಹಾಲನ್ನು ವಿಷ ಎನ್ನುವುದು ಸುಳ್ಳೂ ಹೌದು, ಅನ್ಯಾಯವೂ ಹೌದು. ನನ್ನ ಚಿಂತೆ ಬೇರೆ: ಬೆಳಿಗ್ಗೆ ಸಂಜೆ ಕ್ಯಾನು ತುಂಬಿಸಿ ಕಳಿಸಿ, ಮನೆಯ ಮಕ್ಕಳಿಗೆ ಟೀಗೆ ಬೇಕಾದಷ್ಟೇ ಉಳಿಸಿಕೊಳ್ಳುವ ಮನೆಗಳು. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು, ಮೊಟ್ಟೆ ಸಿಗುತ್ತದೆ. ಮೊಟ್ಟೆ ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಹೊಟ್ಟೆ ತುಂಬುತ್ತದೆ, ಬಿ12 ಮಾತ್ರ ಬರುವುದಿಲ್ಲ. ಆ ಮಕ್ಕಳು ಹಾಲನ್ನಾದರೂ ತಪ್ಪದೆ ಕುಡಿಯಲಿ.

ಬೆಲ್ಲ, ಬಿಸ್ಕತ್ತು, ಸಿರಿಧಾನ್ಯ

ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆಯವರಿಗೆ ರಿಯಾಯಿತಿ ಇಲ್ಲ. ರಾಗಿ ಬಿಸ್ಕತ್ತು ಕೊಳ್ಳುವ ಮೊದಲು ಹಿಂದೆ ಬರೆದದ್ದು ಓದಿ: ಹೆಚ್ಚು ತೂಕದ್ದು ಮೊದಲು ಬರುತ್ತದೆ, ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬಿಸ್ಕತ್ತು. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಒಳ್ಳೆಯ ಧಾನ್ಯಗಳೇ, ಆದರೆ ಅವು ಕ್ಯಾನ್ಸರ್ ವಾಸಿಮಾಡುತ್ತವೆ ಎಂಬುದಕ್ಕೆ ಆಧಾರವಿಲ್ಲ. ಅವನ್ನು ದುಬಾರಿ ಬೆಲೆ ಕೊಟ್ಟು ತಂದು, ಕಣಜದ ರಾಗಿ ಕೀಳು ಎಂದು ಮಾರಿಬಿಡುವುದಕ್ಕೆ ಅರ್ಥವೂ ಇಲ್ಲ.

"ಹಳೇ ಊಟವೇ ನಡೆದುಕೊಂಡು ಬಂದಿದೆ"

ಬಂದಿಲ್ಲ. ಇದೇ ನನ್ನ ಮುಖ್ಯ ತಕರಾರು. ಈ ಸೀಮೆಯ ಹಳೇ ರಾಗಿ ಹೊಲದಲ್ಲಿ ರಾಗಿ ಒಂದೇ ಇರುತ್ತಿರಲಿಲ್ಲ. ರಾಗಿಯ ನಡುನಡುವೆ ಬಿಟ್ಟ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಅಂಚಿಗೆ ಹರಳು, ಜೋಳ. ಹಿಟ್ಟು, ಕಾಳು, ಎಣ್ಣೆ ಮೂರೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದವು. ಕಳೆ ಕೀಳುವಾಗ ಹೆಂಗಸರ ಮಡಿಲಿಗೆ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ ಬೀಳುತ್ತಿತ್ತು. ಅದೇ ರಾತ್ರಿಯ ಬೆರಕೆ ಸೊಪ್ಪು.

ಆಮೇಲೆ ಬೆಂಗಳೂರು ಕೂಲಿಯಾಳುಗಳನ್ನು ಎಳೆದುಕೊಂಡಿತು. ಹಿಪ್ಪುನೇರಳೆ, ಬಾಳೆ ಜಾಗ ಹಿಡಿದವು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಕೋಡಿಹಳ್ಳಿ ವಲಯ ಇಲ್ಲೇ ಇರುವುದರಿಂದ ಕಾಡಂಚಿನ ಹೊಲಗಳಲ್ಲಿ ತೆನೆ ಕಟ್ಟುವ ಹೊತ್ತಿಗೆ ಆನೆ ಬರುತ್ತದೆ, ರಾತ್ರಿ ಕಾವಲು ಕೂರಲು ಮನೆಯಲ್ಲಿ ಗಂಡಾಳು ಬೇಕು. ಉಳಿದ ರಾಗಿ ಹೊಲಕ್ಕೆ ಕಳೆನಾಶಕ ಬಂತು. ರಾಗಿಯಲ್ಲಿ ಬಳಸುವ 2,4-ಡಿ ಅಗಲ ಎಲೆಯ ಗಿಡಗಳನ್ನು ಸಾಯಿಸುತ್ತದೆ. ಅವರೆಯದೂ ಅಗಲ ಎಲೆ, ತೊಗರಿಯದೂ ಅಗಲ ಎಲೆ, ಅಣ್ಣೆ ಸೊಪ್ಪಿನದೂ ಅಗಲ ಎಲೆ. ಒಂದು ಸಲ ಹೊಡೆದರೆ ರಾಗಿ ಉಳಿಯಿತು. ಕಾಳು, ಸೊಪ್ಪು ಹೋಯಿತು. ತಟ್ಟೆಯಲ್ಲಿ ಆದದ್ದೂ ಅದೇ. ಕಾಳನ್ನು ಅಂಗಡಿಯಿಂದ ತರಬೇಕಾದ ಮೇಲೆ ಹಿಡಿ ಚಿಕ್ಕದಾಯಿತು. ದಂಟು, ಪಾಲಕ್ ಕಟ್ಟು ದುಡ್ಡಿಗೆ ಬಂತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಬಿತ್ತಿ ಎನ್ನುತ್ತದೆ. ಎಡೆಕುಂಟೆಗೂ ಕೊಯ್ಲಿಗೂ ಅದು ಹಳೇ ಅಕ್ಕಡಿಗಿಂತ ಸಲೀಸು, ಮತ್ತು ಎರಡು ಎಕರೆಯವರ ಮನೆಗೆ ಬೇಳೆ ಕೊಳ್ಳುವ ಖರ್ಚು ಇಳಿಯುತ್ತದೆ. ಪೂರ್ತಿ ಹೊಲಕ್ಕೆ ಆಗದವರು ಬಾವಿ ಪಕ್ಕದ ಒಂದು ಪಟ್ಟಿಗಾದರೂ ಔಷಧಿ ಹೊಡೆಯದೆ ಬಿಡಲಿ. ಬೆರಕೆ ಸೊಪ್ಪಿಗೆ ಬೀಜ ಕೊಳ್ಳಬೇಕಿಲ್ಲ, ಬಿತ್ತಬೇಕಿಲ್ಲ. ಯಾವುದು ಉಣ್ಣುವ ಸೊಪ್ಪು, ಯಾವುದು ಅಲ್ಲ ಎಂದು ಗುರುತು ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಸೊಸೆಯಂದಿರು, ಮೊಮ್ಮಕ್ಕಳು ಈ ಮುಂಗಾರಿನಲ್ಲೇ ಅವರ ಜೊತೆ ಒಂದು ಸುತ್ತು ಹೊಲಕ್ಕೆ ಹೋಗಿ ಬರಬೇಕು.